ಸ್ಲೈಡಿನಲ್ಲಿ ಕಂಡದ್ದಕ್ಕೆ ಯಾವ ಹೆಸರು? ಕೋಶವಿಭಜನೆಯ ಹಂತಗಳು ಮತ್ತು ಕೊಡಂಗಲ್ ಸೀಮೆಯ ವಿಜ್ಞಾನದ ಭಾಷೆ

ನಾನು ಸಾಹಿತ್ಯದ ವಿದ್ಯಾರ್ಥಿ, ಜೀವಶಾಸ್ತ್ರ ನನ್ನ ಕ್ಷೇತ್ರ ಅಲ್ಲ. ಆದರೆ ಇದು ಪದಗಳ ಚರಿತ್ರೆಯೂ ಹೌದು, ಅದಕ್ಕೇ ಮಾತಾಡ್ತಿದ್ದೀನಿ.

ಉಳ್ಳಾಗಡ್ಡಿ ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ನಡುವೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳಷ್ಟು ಕೋಶಗಳು ಸುಮ್ಮನಿದ್ದಂತೆ ಕಾಣ್ತಾವೆ. ಕೆಲವದರಲ್ಲಿ ಎಳೆಗಳು ದಪ್ಪಗಾಗಿರುತ್ತವೆ, ಅದು ಪ್ರೊಫೇಸ್. ಎಳೆಗಳು ನಟ್ಟನಡುವೆ ಸಾಲುಗಟ್ಟಿದ್ದರೆ ಮೆಟಾಫೇಸ್. ಎರಡು ಗುಂಪಾಗಿ ತುದಿಗಳ ಕಡೆ ಹೊರಟಿದ್ದರೆ ಅನಾಫೇಸ್. ತುದಿ ಸೇರಿ, ನಡುವೆ ಗೋಡೆ ಮೂಡುತ್ತಿದ್ದರೆ ಟೀಲೋಫೇಸ್. ಆದರೆ ಸ್ಲೈಡಿನಲ್ಲಿರುವ ಕೋಶಗಳೆಲ್ಲ ಸತ್ತವು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ನೋಡುವವರೇ ಜೋಡಿಸಬೇಕು. ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ ಮರಿಗಳ ಜೀವಂತ ಕೋಶಗಳನ್ನೂ ನೋಡಿ ಈ ಅನುಕ್ರಮವನ್ನು ಖಚಿತಪಡಿಸಿಕೊಂಡ. 1882ರಲ್ಲಿ, ಎಳೆ ಎಂಬ ಅರ್ಥದ ಗ್ರೀಕ್ ಪದದಿಂದ ‘ಮೈಟಾಸಿಸ್’ ಎಂದು ಹೆಸರಿಟ್ಟ. 1888ರಲ್ಲಿ ವಾಲ್ಡೇಯರ್ ‘ಕ್ರೋಮೋಸೋಮ್’ ಅಂದ, ಅಂದರೆ ಬಣ್ಣದ ಕಾಯ. ನಮ್ಮ ‘ವರ್ಣತಂತು’ ಪದದಲ್ಲಿ ವಾಲ್ಡೇಯರನ ಬಣ್ಣವೂ ಇದೆ, ಫ್ಲೆಮಿಂಗನ ಎಳೆಯೂ ಇದೆ. ಕಣ್ಣಿಗೆ ಕಾಣುವುದನ್ನೇ ಹೇಳುವ ಪದ ಅದು.

ಈಗ ಕೊಡಂಗಲ್‌ಗೆ ಬರೋಣ. ನಿಜಾಮರ ಆಳ್ವಿಕೆಯಲ್ಲಿ ಕೊಡಂಗಲ್, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಜಹೀರಾಬಾದ್, ನಾರಾಯಣಖೇಡ ಬೀದರಿಗೆ ಸೇರಿದ್ದವು. 1918ರಲ್ಲಿ ಎರಡು ಕೆಲಸ ನಡೆದವು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಗೆಳೆಯರು ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಹೈದರಾಬಾದಿನಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಅದರ ಪಠ್ಯಗಳಿಗಾಗಿ ಅನುವಾದ ವಿಭಾಗವೇ ಇತ್ತು. ಅಲ್ಲಿಗೆ ಹೋದ ನಮ್ಮ ಸೀಮೆಯ ಕನ್ನಡದ ಹುಡುಗ ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಯಬೇಕಿತ್ತು. 1956ರ ನವೆಂಬರ್ 1ರಂದು ಈ ನಾಲ್ಕೂ ಊರು ಆಂಧ್ರಪ್ರದೇಶಕ್ಕೆ ಹೋದವು. ಮನೆಯಲ್ಲಿ ಕನ್ನಡ, ಪಾಠದಲ್ಲಿ ತೆಲುಗು ಅಥವಾ ಇಂಗ್ಲಿಷ್ ಆಯಿತು.

ಕಳೆದುಕೊಂಡೆವು ಎಂದಷ್ಟೇ ಹೇಳಿ ಮುಗಿಸೋದು ಸುಲಭ. ಆದರೆ ತೆಲುಗಿನಲ್ಲಿ ಅನಾಫೇಸ್‌ಗೆ ‘ಚಲನದಶ’ ಅಂತಾರೆ. ಎಳೆಗಳು ಹೊರಟಿವೆ ಅನ್ನೋದು ಹೆಸರಿನಲ್ಲೇ ಇದೆ. ನಾವು ಕನ್ನಡದಲ್ಲಿ ಬಹುಮಟ್ಟಿಗೆ ‘ಅನಾಫೇಸ್’ ಅಂತಲೇ ಉರು ಹೊಡೆದು, ಆಮೇಲೆ ಸ್ಲೈಡಿನ ಮುಂದೆ ತಡವರಿಸ್ತೀವಿ. ಮುಂದಿನ ಓದಿಗೆ ಅಂತರರಾಷ್ಟ್ರೀಯ ಪದ ಬೇಕೇ ಬೇಕು, ಅದನ್ನು ಅಲ್ಲಗಳೆಯುತ್ತಿಲ್ಲ. ಅದರ ಪಕ್ಕದಲ್ಲಿ ಕಂಡದ್ದನ್ನು ಹೇಳುವ ಒಂದು ಪದವೂ ಇರಲಿ. ಗಡಿಯ ಮಗುವಿಗೆ ಆ ಪದ ತೆಲುಗಿನಿಂದ ಬಂದರೂ ನನಗೆ ತಕರಾರಿಲ್ಲ. ಕನ್ನಡವೂ ಅಂಥದೊಂದು ಕೊಡಬೇಕು ಅನ್ನೋದಷ್ಟೇ ನನ್ನ ವಾದ.

ಚರ್ಚೆಗೆ ಬಿಡ್ತೀನಿ.