ಸೇತುವೆ ಬಿಟ್ಟು ಹಳ್ಳಕ್ಕೆ ಇಳಿಯಬೇಕಾದ ನೀರಿನ ಲೆಕ್ಕ

ಸೈದಾಪುರದ ಸುತ್ತ ನೀರಿನ ಮಾತೆತ್ತಿದರೆ ಈಗ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಹೆಸರು ಬಾರದೆ ಇರದು. ಅಲ್ಲಿನ ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆ, ತ್ಯಾಜ್ಯಗಳ ಬಗ್ಗೆ ಊರವರು ದೂರುತ್ತಲೇ ಇದ್ದಾರೆ. ಆದರೆ ಯಾದಗಿರಿ ಜಿಲ್ಲೆಯ ಹಳ್ಳ-ನದಿಗಳಲ್ಲಿ ಎಷ್ಟು ಪಾಲು ಕೆಟ್ಟಿದೆ, ಎಷ್ಟು ಪಾಲು ಇನ್ನೂ ಚೆನ್ನಾಗಿದೆ ಎಂದು ಕೇಳಿದರೆ ನಮ್ಮ ಈಗಿನ ಮಾಪನ ಕ್ರಮದಲ್ಲಿ ಉತ್ತರವಿಲ್ಲ.

1974ರ ಜಲ ಕಾಯ್ದೆಯ ಬೆನ್ನಿಗೇ ಕೇಂದ್ರ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳು ಬಂದವು. ಪಟ್ಟಣದ ಮೇಲೆ-ಕೆಳಗೆ, ಕುಡಿಯುವ ನೀರೆತ್ತುವ ಕಡೆ, ಸಂಗಮದ ಬಳಿ ಎಂದು ಆಯ್ದ ಸ್ಥಳಗಳಲ್ಲಿ ಮಾದರಿ ತೆಗೆಯುವ ಪದ್ಧತಿ ಬೆಳೆಯಿತು. ಈ ಸ್ಥಳಗಳ ಅಂಕಿಗಳಿಂದಲೇ 2018ರಲ್ಲಿ ದೇಶದ 351 ಕಲುಷಿತ ನದಿ ಪಾತ್ರಗಳ ಪಟ್ಟಿ ಬಂತು. ಕರ್ನಾಟಕದ 17ರಲ್ಲಿ ಗಾಣಗಾಪುರದಿಂದ ಯಾದಗಿರಿವರೆಗಿನ ಭೀಮೆಯೂ ತಿಂಥಣಿ ಸೇತುವೆವರೆಗಿನ ಕೃಷ್ಣೆಯೂ ಇದ್ದವು.

ಮಾದರಿ ತೆಗೆಯುವುದು ನಾಜೂಕಿನ ಕೆಲಸ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು 300 ಮಿಲಿಲೀಟರಿನ ಗಾಜಿನ ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿಸಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಗಸಿ ಕಟ್ಟುತ್ತದೆ, ಇಲ್ಲದಿದ್ದರೆ ಬಿಳಿ. ಇಷ್ಟು ಜತನದಿಂದ ಮಾಡಿದ ಕೆಲಸವೂ ಆ ಒಂದು ಜಾಗದ ಸಂಗತಿಯನ್ನಷ್ಟೇ ಹೇಳುತ್ತದೆ. ಜೀಪು ಹೋಗುವ ಕಡೆ, ಸೇತುವೆಯಿಂದ ಹಗ್ಗ ಇಳಿಬಿಡಬಹುದಾದ ಕಡೆ ಮಾತ್ರ ನೋಡಿದರೆ, ನಾರಾಯಣಪುರ ಎಡದಂಡೆ ಕಾಲುವೆಯಡಿ ಸುರಪುರ, ಶಹಾಪುರಗಳ ಭತ್ತದ ಗದ್ದೆಗಳಿಂದ ಗೊಬ್ಬರ, ಕೀಟನಾಶಕ ಹೊತ್ತು ಬಸಿಯುವ ಹಳ್ಳಗಳು ಲೆಕ್ಕಕ್ಕೇ ಬರುವುದಿಲ್ಲ.

ಅಮೆರಿಕದಲ್ಲೂ ಇದೇ ತೊಡಕಿತ್ತು. ರಾಜ್ಯಗಳು ತಮಗೆ ತೋಚಿದ ಕಡೆ ಅಳೆದ ಅಂಕಿಗಳನ್ನು ಕೂಡಿಸಿ ಇಡೀ ದೇಶದ ಚಿತ್ರ ಕೊಡಲು ಆಗುತ್ತಿರಲಿಲ್ಲ. 1980ರ ದಶಕದಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಕೆರೆ-ತೊರೆಗಳನ್ನು ಯಾದೃಚ್ಛಿಕವಾಗಿ ಆರಿಸತೊಡಗಿತು. ಬರೀ ಚೀಟಿ ಎತ್ತಿದರೆ ಸ್ಥಳಗಳು ಒಂದೇ ಕಡೆ ಗುಂಪುಗೂಡಬಹುದು. ನಕ್ಷೆಯ ಉದ್ದಗಲಕ್ಕೂ ಹರಡಿಕೊಳ್ಳುವಂತೆ ಆರಿಸುವ ವಿಧಾನವನ್ನು ಡಾನ್ ಸ್ಟೀವನ್ಸ್ ಮತ್ತು ಆಂಥೊನಿ ಓಲ್ಸನ್ 2004ರಲ್ಲಿ ಪ್ರಕಟಿಸಿದರು. 2006ರ ತೊರೆಗಳ ಸಮೀಕ್ಷೆ 1,392 ಸ್ಥಳಗಳನ್ನು ನೋಡಿ, ತೊರೆಗಳ ಒಟ್ಟು ಉದ್ದದ ಶೇ. 42ರಷ್ಟು ಕಳಪೆ ಸ್ಥಿತಿಯಲ್ಲಿದೆ ಎಂದಿತು. ಜೊತೆಗೆ ಅಂದಾಜು ಎಷ್ಟು ತಪ್ಪಿರಬಹುದೆಂಬ ಲೆಕ್ಕವನ್ನೂ ಕೊಟ್ಟಿತು. ನನಗೆ ಇದೇ ದೊಡ್ಡ ಹೆಜ್ಜೆ.

ಇದು ನಮಗೆ ಹೊರಗಿನ ವಿದ್ಯೆಯೇನಲ್ಲ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ 1930ರ ದಶಕದಲ್ಲೇ ಬಂಗಾಳದ ಸೆಣಬನ್ನು ಹೀಗೆ ಅಂದಾಜಿಸಿದ್ದರು. ಬೆಳೆ ವಿಮೆಗಾಗಿ ಇಂದಿಗೂ ಯಾದೃಚ್ಛಿಕವಾಗಿ ಆರಿಸಿದ ಹೊಲದಲ್ಲಿ ಹಗ್ಗ-ಗೂಟ ಹಿಡಿದು ತುಂಡು ಅಳೆದು, ಅಷ್ಟನ್ನೇ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗ ನಮ್ಮ ರೈತರಿಗೆ ಗೊತ್ತೇ ಇದೆ. ಹೊಲಕ್ಕೆ ಸಲ್ಲುವ ಈ ನ್ಯಾಯ ಹಳ್ಳಕ್ಕೂ ಸಲ್ಲಬೇಕು.

ಇದಕ್ಕೆ ಮಿತಿಯೂ ಇದೆ. ಒಂದು ಕೊಳವೆಯಿಂದ ಸುರಿಯುವ ವಿಷ ಯಾದೃಚ್ಛಿಕ ಆಯ್ಕೆಯ ಕಣ್ಣು ತಪ್ಪಿಸಿಕೊಳ್ಳಬಹುದು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಗೊತ್ತಾದದ್ದು ಅದೇ ತಾಂಡಾದ ನೀರನ್ನು ಪರೀಕ್ಷಿಸಿದಾಗ. ಆದ್ದರಿಂದ ಕಾರ್ಖಾನೆಯ ಕೆಳಗಿನ ಖಾಯಂ ಕಾವಲು ಬೇಕೇ ಬೇಕು. ಅದರ ಜೊತೆಗೆ ಜಿಲ್ಲೆಯ ಜಲಜಾಲದಲ್ಲಿ 50 ಸ್ಥಳ ಆರಿಸಿದರೂ, ಕೆಟ್ಟಿರುವ ಪಾಲನ್ನು ಹೆಚ್ಚೆಂದರೆ ಸುಮಾರು 14 ಶೇಕಡಾಂಶ ಆಚೀಚೆ ಹೇಳಬಹುದು. ಬೇಸಿಗೆಯಲ್ಲಿ ಆರಿಸಿದ ಎಷ್ಟೋ ಜಾಗಗಳು ಒಣಗಿರುತ್ತವೆ. ಅವನ್ನು ಕೈಬಿಡದೆ ‘ಒಣ’ ಎಂದೇ ದಾಖಲಿಸಿ, ಮುಂಗಾರಿನಲ್ಲಿ ಒಂದು ಸುತ್ತು, ಕಾಲುವೆಗೆ ನೀರು ಬಿಟ್ಟಾಗ ಇನ್ನೊಂದು ಸುತ್ತು ಹೋಗಿ ಬರಬೇಕು.