ಶಿವಗಂಗೆಯ ಬೆಟ್ಟವೂ ಜ್ವಾಲಾಮುಖಿಯ ಶಂಕೆಯೂ

ವಿದ್ಯಾರ್ಥಿಗಳೊಡನೆ ನಾವು ಶಿವಗಂಗೆಯ ಬೆಟ್ಟವನ್ನು ಏರಿದ ದಿನ, ಒಳಕಲ್ಲು ತೀರ್ಥದ ಬಳಿ ಒಬ್ಬನು ಪ್ರಶ್ನೆಯೊಂದನ್ನು ಎತ್ತಿದನು. ಬಂಡೆಯೊಳಗಿನ ಈ ಕುಳಿಯೂ ಕೆಳಗಿನ ಪಾತಾಳಗಂಗೆಯೂ ಪುರಾತನ ಜ್ವಾಲಾಮುಖಿಯೊಂದರ ಬಾಯಿಯ ಅವಶೇಷಗಳಾಗಿರಬಾರದೇಕೆ? ಉಳಿದವರು ನಕ್ಕರು. ಆದರೆ ಪ್ರಶ್ನೆಯು ನಗುವಂಥದಾಗಿರಲಿಲ್ಲ; ಉತ್ತರವು ಕಾಲಡಿಯ ಕಲ್ಲಿನಲ್ಲಿಯೇ ಇದ್ದಿತು.

ಸುಮಾರು 4,500 ಅಡಿ ಎತ್ತರದ ಈ ಬೆಟ್ಟವು ಬೆಣಚುಕಲ್ಲಿನದು. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯ ಹೆಸರಿನಿಂದ ಭೂವಿಜ್ಞಾನಿಗಳು ಕರೆಯುವ ಉದ್ದನೆಯ ಶಿಲಾಪಟ್ಟಿಗೆ ಇದು ಸೇರಿದುದು. ಭೂಗರ್ಭದ ಆಳದಲ್ಲಿ ನಿಧಾನವಾಗಿ ಆರಿ ಗಟ್ಟಿಗೊಂಡ ದ್ರವಶಿಲೆಯಾದುದರಿಂದಲೇ ಇದರಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳಿವೆ. ಮೇಲೆ ಚೆಲ್ಲಿ ಬೇಗನೆ ತಣಿದ ಲಾವಾದಲ್ಲಿ ಹರಳು ಬೆಳೆಯಲು ಅಷ್ಟು ಅವಕಾಶವಿರುವುದಿಲ್ಲ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ; ಮೇಲಿದ್ದ ಶಿಲೆಗಳು ಸವೆದ ಮೇಲೆ ಬೆಟ್ಟವು ಹೊರಬಿದ್ದಿತು. ಲಾವಾ ಶಿಲೆಯನ್ನೇ ಕಾಣಬಯಸುವವರು ಬೀದರ, ಕಲಬುರಗಿ, ವಿಜಯಪುರಗಳ ಕಪ್ಪು ಕಲ್ಲನ್ನಾಗಲಿ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನಾಗಲಿ ನೋಡಬೇಕು.

ಹಾಗಾದರೆ ಜೀವಂತ ಜ್ವಾಲಾಮುಖಿಯನ್ನು ಅರಿಯುವುದು ಹೇಗೆ? ವೆಸೂವಿಯಸ್ಸಿನ ಮಗ್ಗುಲಲ್ಲಿ 1841ರಲ್ಲಿಯೇ ವೀಕ್ಷಣಾಲಯವೊಂದು ಸ್ಥಾಪಿತವಾಯಿತು. 1902ರಲ್ಲಿ ಮಾರ್ಟಿನಿಕ್ ದ್ವೀಪದ ಪೆಲೆ ಪರ್ವತವು ಸೇಂಟ್ ಪಿಯೆರ್ ಪಟ್ಟಣವನ್ನು ನಾಶಗೊಳಿಸಿದ ಬಳಿಕ ಅಲ್ಲಿಗೆ ಹೋದ ಥಾಮಸ್ ಜ್ಯಾಗರ್ ಎಂಬ ಅಮೆರಿಕನ್ ವಿದ್ವಾಂಸನಿಗೆ, ಅನಾಹುತವಾದ ಮೇಲೆ ಬಂದು ಬೂದಿಯನ್ನು ಪರೀಕ್ಷಿಸುವುದು ಸಾಲದೆಂದು ತೋರಿತು. ಪರ್ವತದ ಪಕ್ಕದಲ್ಲಿ ಕುಳಿತು ದಿನದಿನವೂ ಬರೆದಿಡಬೇಕೆಂದು ಅವನು 1912ರಲ್ಲಿ ಹವಾಯಿಯ ಕಿಲಾವೆಯ ಅಂಚಿನಲ್ಲಿ ವೀಕ್ಷಣಾಲಯವನ್ನು ಕಟ್ಟಿಸಿದನು. ಸಂದರ್ಶಕರಿಗಾಗಿ ಮುಂದೆ ಅಲ್ಲಿ ತೆರೆದ, ಅವನದೇ ಹೆಸರಿನ ವಸ್ತುಸಂಗ್ರಹಾಲಯವು 2018ರಲ್ಲಿ ಆ ಪರ್ವತದ ಕುಸಿತದ ಕಂಪನಗಳಿಂದಲೇ ಶಿಥಿಲವಾಗಿ ಮುಚ್ಚಿತು. ನೋಡುವವನನ್ನು ನೋಡಲ್ಪಡುವುದು ಬಿಡಲಿಲ್ಲ! ನಮ್ಮ ನೆರೆಯ ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಭೂಕಂಪಮಾಪಕಗಳ ಸಾಲು ದೂರದ ಪರಮಾಣು ಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸಿ ಗುರುತಿಸಲೆಂದು ಹೂಡಿದುದು. ಇಂಥ ಕಾರ್ಯಕ್ಕೆ ಪುರಾತನವೂ ನಿಶ್ಚಲವೂ ಆದ ಶಿಲೆಯೇ ಬೇಕು. ನಮ್ಮ ನೆಲದ ಮೌನವೇ ಅಲ್ಲಿ ಉಪಕರಣವಾಗಿದೆ.

ಜ್ವಾಲಾಮುಖಿಯ ಮಾತು ಹೀಗೆ ಮುಗಿಯಿತು. ಆದರೆ ಶಿಖರದ ಬಳಿ ನಮಗೆ ಇದಕ್ಕಿಂತ ಕಠಿನವಾದ ಸಮಸ್ಯೆ ಎದುರಾಯಿತು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು ಇಲ್ಲಿಂದಲೇ ಧುಮುಕಿದಳೆಂದು ಜನ ಕೈತೋರಿಸಿ ಹೇಳುತ್ತಾರೆ; ಪುತ್ರಸಂತಾನವಿಲ್ಲದ ದುಃಖವೇ ಕಾರಣವೆಂದೂ ಸೇರಿಸುತ್ತಾರೆ. ಶ್ರವಣಬೆಳಗೊಳದಲ್ಲಿ ಅವಳೇ ಕಟ್ಟಿಸಿದ ಗಂಧವಾರಣ ಬಸದಿಯ ಬಳಿಯ ಶಾಸನವಾದರೋ, ಶಕ 1053ರಲ್ಲಿ, ಎಂದರೆ ಕ್ರಿ.ಶ. 1131ರಲ್ಲಿ, ಅವಳು ಶಿವಗಂಗೆಯಲ್ಲಿ ಮರಣಹೊಂದಿದಳೆಂದು ಮಾತ್ರ ತಿಳಿಸುತ್ತದೆ. ಬಂಡೆಯ ಮಾತಾಗಲಿ ದುಃಖದ ಮಾತಾಗಲಿ ಅದರಲ್ಲಿಲ್ಲ. ಅವಳ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಉಪವಾಸವ್ರತದಿಂದ ದೇಹತ್ಯಾಗ ಮಾಡಿದುದನ್ನಾದರೋ ಅದು ವಿವರವಾಗಿ ಹೇಳುತ್ತದೆ. ತಾಯಿಯ ಸಾವನ್ನು ಬಣ್ಣಿಸಿದ ಕವಿ ಮಗಳ ಸಾವಿನ ರೀತಿಯನ್ನು ಏಕೆ ಬಿಟ್ಟನು? ಜಿನಭಕ್ತೆಯಾದ ರಾಣಿಯು ಶೈವರ ಈ ಕ್ಷೇತ್ರಕ್ಕೆ ಏತಕ್ಕಾಗಿ ಬಂದಿದ್ದಳು? ಸಲ್ಲೇಖನವೆಂದು ಊಹಿಸುವವರಿದ್ದಾರೆ; ಶಾಸನವು ಹಾಗೆಂದು ಸ್ಪಷ್ಟವಾಗಿ ನುಡಿಯದಿರುವಾಗ ಅದನ್ನೂ ಊಹೆಯೆಂದೇ ಎಣಿಸಬೇಕು.

ಅದೇ ವಿದ್ಯಾರ್ಥಿಯು ನಮ್ಮನ್ನು ಕೇಳಿದನು: ಹಾಗಾದರೆ ಜನ ಕೈತೋರಿಸುವ ಸ್ಥಳವನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳುವುದೋ ಬೇಡವೋ? ಬರೆದುಕೊಳ್ಳಬೇಕು, ಆದರೆ ಹೇಳಿದವರ ಮಾತೆಂದು ಬರೆದುಕೊಳ್ಳಬೇಕು ಎಂದೆವು. ಬರುವ ವರ್ಷದ ಪ್ರವಾಸವನ್ನು ಶಿವಗಂಗೆಯಲ್ಲಿಯೇ ಮುಗಿಸದೆ, ಆ ಶಾಸನವಿರುವ ಚಂದ್ರಗಿರಿಯವರೆಗೆ ಮುಂದುವರಿಸಲು ನಿಶ್ಚಯಿಸಿದ್ದೇವೆ.