ಫಿರೋಜಾ: ನವರತ್ನಗಳ ಹೊರಗುಳಿದ ಕಲ್ಲು

ಕೊಲ್ಲಿ ನಾಡುಗಳಿಂದ ಫಿರೋಜಾ ಉಂಗುರ ತಂದವರು ಕೆಲವರು, ಅದರ ನೀಲಿ ಹಸಿರಿಗೆ ತಿರುಗಿತೆಂದು ಗಾಬರಿಗೊಂಡು, ಇದು ಬರಲಿರುವ ಆಪತ್ತಿನ ಸೂಚನೆಯೇ ಎಂದು ನನ್ನನ್ನು ಕೇಳಿದ್ದುಂಟು. ಜ್ಯೋತಿಷ್ಯ ನನಗೆ ತಿಳಿಯದು. ಆದರೆ ಈ ಕಲ್ಲಿನ ಸ್ವಭಾವವನ್ನು ಬಲ್ಲವರಿಗೆ ಅಂಜಲು ಕಾರಣವಿಲ್ಲ.

ಫಿರೋಜಾ ಎಂಬುದು ತಾಮ್ರ, ಅಲ್ಯುಮಿನಿಯಂಗಳ ಜಲಯುಕ್ತ ಫಾಸ್ಫೇಟ್. ನೀಲಿ ತಾಮ್ರದ ಕೊಡುಗೆ. ಕಬ್ಬಿಣದ ಅಂಶ ಬೆರೆತಷ್ಟೂ ಹಸಿರು ಹೆಚ್ಚು. ಮೋಸ್ ಮಾನಕದಲ್ಲಿ ವಜ್ರದ ಕಾಠಿಣ್ಯ 10 ಆದರೆ ಇದರದು 5ರಿಂದ 6 ಮಾತ್ರ. ಮೈಯೆಲ್ಲ ಸೂಕ್ಷ್ಮ ರಂಧ್ರಗಳಿರುವುದರಿಂದ ಬೆವರು, ಎಣ್ಣೆ, ಸಾಬೂನುಗಳನ್ನು ಹೀರಿಕೊಂಡು ಬಣ್ಣಗೆಡುತ್ತದೆ. ತಲೆಗೆ ತೆಂಗಿನೆಣ್ಣೆ ತಿಕ್ಕುವ, ಮಳೆಗಾಲದಲ್ಲೂ ಬೆವರುವ ನಮ್ಮ ಕರಾವಳಿಯಲ್ಲಿ ಅದು ಹಸಿರಾಗದಿದ್ದರೇ ಆಶ್ಚರ್ಯ!

ಪ್ರಾಚೀನ ಈಜಿಪ್ಟಿನವರು ಇದನ್ನು ಸಿನಾಯ್ ಬೆಟ್ಟಗಳಲ್ಲಿ ಅಗೆದರು. ಆದರೆ ಹೆಸರಾದದ್ದು ಖುರಾಸಾನಿನ ನಿಶಾಪುರದ ಕಲ್ಲು. ತುರ್ಕರ ನಾಡಿನ ಮೂಲಕ ಯುರೋಪು ತಲುಪಿದ್ದರಿಂದ ಫ್ರೆಂಚರು ಅದನ್ನು ತುರ್ಕಿ ಕಲ್ಲೆಂದರು. ಇಂಗ್ಲಿಷಿನ ಟರ್ಕಾಯ್ಸ್ ಎಂಬ ಹೆಸರು ಅಲ್ಲಿಂದಲೇ ಬಂತು. ಸಂಸ್ಕೃತ ಕೋಶಗಳ ‘ಪೇರೋಜ’ ಪಾರಸಿಯಿಂದ ಬಂದ ಪದ. ನಮ್ಮ ನವರತ್ನಗಳಲ್ಲಂತೂ ಇದಕ್ಕೆ ಸ್ಥಾನವೇ ಇಲ್ಲ.

ಅದೇ ಖುರಾಸಾನಿನ ಹೆರಾತಿನಿಂದ ಶಾರೂಖ್ ದೊರೆಯ ರಾಯಭಾರಿಯಾಗಿ ಹೊರಟ ಅಬ್ದುರ್ ರಜಾಕ್, ಕಲ್ಲಿಕೋಟೆಯ ಮಾರ್ಗವಾಗಿ 1443ರಲ್ಲಿ ಮಂಗಳೂರಿಗೆ ಬಂದಿಳಿದು ಎರಡು ಮೂರು ದಿನ ತಂಗಿದ್ದನು. ಇಲ್ಲಿಂದ ಮೂರು ಹರದಾರಿಯಾಚೆ ಎರಕದ ಲೋಹದ ಗುಡಿಯೊಂದನ್ನೂ ಅದರೊಳಗೆ ಕೆಂಪಿನ ಕಣ್ಣುಗಳ ಚಿನ್ನದ ವಿಗ್ರಹವನ್ನೂ ಕಂಡೆನೆಂದು ಬರೆದಿದ್ದಾನೆ. ಅದು ನಮ್ಮ ಕದ್ರಿಯೇ ಎಂದು ಹೇಳುವ ಆಸೆ ನನಗೂ ಇದೆ. ಆದರೆ ಕದ್ರಿ ಬಂದರಿನಿಂದ ಅಷ್ಟು ದೂರವಿಲ್ಲ. ಆಳುಪ ದೊರೆ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಕದ್ರಿಯ ಲೋಕೇಶ್ವರ ಕಂಚಿನವನು, ಚಿನ್ನದವನಲ್ಲ.

ವಿಜಯನಗರದ ಪೇಟೆಯಲ್ಲಿ ಬಹಿರಂಗವಾಗಿ ಮಾರುತ್ತಿದ್ದ ಮುತ್ತು, ಕೆಂಪು, ಪಚ್ಚೆ, ವಜ್ರಗಳನ್ನು ಆತನು ಹೆಸರಿಸುತ್ತಾನೆ. ತನ್ನ ನಾಡಿನ ಫಿರೋಜಾ ಆ ಸಾಲಿನಲ್ಲಿಲ್ಲ. ಎಣ್ಣೆ, ಹಾಲು, ಗಂಧಗಳ ಅಭಿಷೇಕ ನಡೆಯುವ ನಾಡಿನಲ್ಲಿ ಇಂಥ ಹೀರುವ ಕಲ್ಲನ್ನು ದೇವರ ಒಡವೆಗೆ ಯಾರು ತಾನೇ ಬಯಸಿಯಾರು? ಇದು ನನ್ನ ಊಹೆ ಮಾತ್ರ.

ಉಂಗುರವಿರುವವರು ಸ್ನಾನಕ್ಕೆ ಮುನ್ನ ಅದನ್ನು ಕಳಚಿಡಿರಿ, ಮೆತ್ತನೆಯ ಒಣಬಟ್ಟೆಯಿಂದ ಒರೆಸಿರಿ. ಹೊಸದಾಗಿ ಕೊಳ್ಳುವವರು ಮಾತ್ರ ಎಚ್ಚರ: ಹೌಲೈಟ್ ಎಂಬ ಅಗ್ಗದ ಬಿಳಿಕಲ್ಲಿಗೆ ನೀಲಿ ಬಣ್ಣ ಹಾಕಿ ಇದೇ ಹೆಸರಿನಲ್ಲಿ ಮಾರುವುದುಂಟು.